ಮೆಟ್ಟುಗತ್ತಿಗೆ ಹೊಸ ಅಲಗು: ಹಳೇ ಪಾಟಾ, ಇದ್ದಿಲು ಮತ್ತು ಉಕ್ಕಿನ ಹರಳು

ಮಣೆಗೆ ಕೂರಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಬಾಯಿ ಎರಡು ತರ ಹಾಳಾಗುತ್ತದೆ. ಕೆಲವದರ ಬಾಯಿ ಮಡಚಿಕೊಳ್ಳುತ್ತದೆ. ಅದು ಮೆತ್ತಗಿನ ಕಬ್ಬಿಣ. ಮಸೆದರೆ ಎದ್ದು ನಿಲ್ಲುತ್ತದೆ, ನಾಲ್ಕು ಗೊನೆ ಅಡಿಕೆ ಸುಲಿಯುವಷ್ಟರಲ್ಲಿ ಮತ್ತೆ ಮಲಗುತ್ತದೆ. ಇನ್ನು ಕೆಲವದರ ಬಾಯಿಂದ ಚೂರು ಚೂರೇ ಹಾರಿಹೋಗುತ್ತದೆ. ಇದಕ್ಕೆ ಮಸೆಗಲ್ಲು ಮದ್ದಲ್ಲ. ಎಷ್ಟು ಮಸೆದರೂ ಹೊಸ ಬಾಯಿಯಿಂದ ಮತ್ತೆ ಚೂರು ಹೋಗುತ್ತದೆ.

ಅತ್ತಿಗೆ ಕೊಟ್ಟದ್ದು ಎರಡನೇ ಜಾತಿಯದು. ಪೇಟೆಯಿಂದ ತಂದದ್ದು, ನೋಡೋಕೆ ಚೆಂದ. "ಹರಿತ ಏನೋ ಇದ್ದು, ಬಾಯಿ ಮಾತ್ರ ನಿಲ್ತಿಲ್ಲೆ" ಅಂದರು. ಅರ ಎಳೆದು ನೋಡಿದೆ. ಕಚ್ಚಲಿಲ್ಲ, ಜಾರಿತು. ಅಂದರೆ ಗಟ್ಟಿತನಕ್ಕೇನೂ ಕೊರತೆ ಇಲ್ಲ. ಹದ ಇಳಿಸಿರಲಿಕ್ಕಿಲ್ಲ (ಗಟ್ಟಿ ಮಾಡಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಪೆಡಸು ಕಡಿಮೆ ಮಾಡಿರಲಿಕ್ಕಿಲ್ಲ) ಅಂತ ಓವನ್ನಿನಲ್ಲಿ ಬಿಸಿ ಮಾಡಿ ಇಳಿಸಿಯೂ ಆಯಿತು. ಚೂರು ಹಾರುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಮೇಲೆ ಅದರ ಮೂಲೆಯನ್ನು ವೈಸಿಗೆ ಕಚ್ಚಿಸಿ ಮುರಿದೆ. ಮುರಿದ ಜಾಗ ಇಡ್ಲಿ ರವೆ ಅಂಟಿಸಿದ ಹಾಗೆ ತರಿತರಿ, ಬೆಳಕಿಗೆ ಹಿಡಿದರೆ ಮಿಣಮಿಣ. ಚೆನ್ನಾಗಿ ಹದ ಹಾಕಿದ ಉಕ್ಕು ಮುರಿದರೆ ಬೂದು ಬಣ್ಣಕ್ಕಿರಬೇಕು, ಮಿನುಗಬಾರದು, ಬರಿಗಣ್ಣಿಗೆ ಒಂದು ಹರಳೂ ಕಾಣಬಾರದು.

ಹೀಗಾಗಿ ಹಳೇ ಪಾಟಾದಿಂದ (ಗಾಡಿಯ ಸ್ಪ್ರಿಂಗ್ ಪಟ್ಟಿಯಿಂದ) ಹೊಸ ಅಲಗು ಮಾಡುವ ಈ ಕೆಲಸದಲ್ಲಿ ಬಡಿದದ್ದಕ್ಕಿಂತ ತುಂಡು ಮುರಿದು ನೋಡಿದ್ದೇ ಜಾಸ್ತಿ.

ಹರಳಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಉಕ್ಕೆಂದರೆ ಒಂದಕ್ಕೊಂದು ಒತ್ತಿಕೊಂಡ ಸಣ್ಣ ಹರಳುಗಳ ಗುಂಪು. ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದರೊಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಆಸ್ಟೆನೈಟ್ ಅನ್ನುವ ಹೊಸ ರೂಪ ಹುಟ್ಟುತ್ತದೆ. ಹುಟ್ಟುವುದು ಹಳೇ ಹರಳುಗಳ ಅಂಚಿನಲ್ಲಿ, ಒಂದೇ ಸಲಕ್ಕೆ ಸಾವಿರಾರು ಕಡೆ. ಹಾಗಾಗಿ ಹೊಸ ಹರಳು ಶುರುವಿಗೆ ಸಣ್ಣದೇ ಇರುತ್ತದೆ. ಕಾವು ಅಲ್ಲಿಗೇ ನಿಂತರೆ ಸಣ್ಣದೇ ಉಳಿಯುತ್ತದೆ. ಕಾವು ಏರಿದರೆ, ಅಥವಾ ಜಾಸ್ತಿ ಹೊತ್ತು ಇಟ್ಟರೆ, ದೊಡ್ಡ ಹರಳು ಪಕ್ಕದ ಸಣ್ಣದನ್ನು ನುಂಗುತ್ತಾ ಹೋಗುತ್ತದೆ. ಬಡಿಯುವಾಗ ನಾವು ಕೊಡುವುದು 1000 ದಾಟಿದ ಹಳದಿ ಕಾವು. ಅಲ್ಲಿ ಹರಳು ಬೆಳೆಯಲು ನಿಮಿಷಗಳೇ ಸಾಕು. ಬಡಿದದ್ದೇ, ಗಟ್ಟಿ ಮಾಡಲು ಆ ಕಾವಿನಲ್ಲೇ ಎಣ್ಣೆಗೆ ಅದ್ದಿದರೆ ಬೆಳೆದ ಹರಳೇ ಗಟ್ಟಿಯಾಗಿ ಕೂರುತ್ತದೆ. ಅರದ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸು.

ತಣಿಸಿ ಮತ್ತೆ ಕಾಯಿಸಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಗಾಳಿಯಲ್ಲಿ ಆರುವಾಗ ಒಂದು ಸಲ ಹೊಸ ರೂಪ, ಕಾಯುವಾಗ ಇನ್ನೊಂದು ಸಲ. ಪ್ರತಿ ಸಲವೂ ಹಳೇ ಅಂಚುಗಳಲ್ಲಿ ಹೊಸ ಮೊಳಕೆ. ಹೀಗೆ ಕಾಯಿಸಿ ಗಾಳಿಯಲ್ಲಿ ಆರಿಸುವುದಕ್ಕೆ ನಾರ್ಮಲೈಸಿಂಗ್ ಅನ್ನುತ್ತಾರೆ.

ಹರಳು ಸಣ್ಣದಾದರೆ ಲಾಭ ಎರಡು ಕಡೆ. ಅಂಚು ಜಾಸ್ತಿ ಇದ್ದಷ್ಟೂ ಲೋಹ ಬಾಗಲು ಒಪ್ಪುವುದಿಲ್ಲ, ಬಿರುಕಿಗೂ ನೆಟ್ಟಗೆ ಓಡಲು ದಾರಿ ಸಿಗುವುದಿಲ್ಲ. ಹರಳಿನ ಅಳತೆಗೂ ಬಲಕ್ಕೂ ಇರುವ ಸಂಬಂಧವನ್ನು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಲೆಕ್ಕ ಹಾಕಿ ತೋರಿಸಿದರು. ಇವತ್ತಿಗೂ ಹಾಲ್-ಪೆಚ್ ಎಂದೇ ಹೆಸರು. ಬಲ ಏರಿದರೆ ತಾಳಿಕೆ (ಮುರಿಯದೆ ತಡೆಯುವ ಗುಣ) ಇಳಿಯುವುದು ಉಕ್ಕಿನಲ್ಲಿ ಮಾಮೂಲು. ಎರಡೂ ಒಟ್ಟಿಗೆ ಏರುವುದು ಹೆಚ್ಚುಕಡಿಮೆ ಹರಳು ಸಣ್ಣ ಮಾಡಿದಾಗ ಮಾತ್ರ. ಅದೂ ಕೈಯಿಂದ ಕಾಸು ಖರ್ಚಿಲ್ಲದೆ, ಸ್ವಲ್ಪ ಇದ್ದಿಲು ಬಿಟ್ಟರೆ.

ಇನ್ನು ಸಾಮಾನು. ಹುಬ್ಬಳ್ಳಿ ರೋಡಿನ ಗುಜರಿಯಲ್ಲಿ ಪಿಕಪ್ ಗಾಡಿಯ ಪಾಟಾ ಸಿಕ್ಕಿತು, ಏಳು ಮಿಲಿಮೀಟರ್ ದಪ್ಪ. ದೊಡ್ಡ ಲಾರಿಯದು ಇನ್ನೂ ದಪ್ಪ; ಕೈಯಲ್ಲಿ ಬಡಿದು ತೆಳ್ಳಗೆ ಮಾಡುವಷ್ಟರಲ್ಲಿ ರಟ್ಟೆ ಬೀಳುತ್ತದೆ. ಪಾಟಾಕ್ಕೆ ಬಳಸುವ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.65ರವರೆಗೆ ಕಾರ್ಬನ್ ಇರುತ್ತದೆ. ಜೊತೆಗೆ ಕೆಲವದರಲ್ಲಿ ಕ್ರೋಮಿಯಂ, ಕೆಲವದರಲ್ಲಿ ಸಿಲಿಕಾನ್. ಮೆಟ್ಟುಗತ್ತಿಗೆ ಇಷ್ಟು ಕಾರ್ಬನ್ ಧಾರಾಳ ಸಾಕು. ಅಡಿಕೆ ಸುಲಿಯುವಾಗ ಅಲಗಿನ ಬಾಯಿಗೆ ಸಿಪ್ಪೆ ಒತ್ತಿ, ಒಂಚೂರು ತಿರುವಿ ಬಿಡಿಸುತ್ತಾರೆ. ಆ ತಿರುವಿನಲ್ಲಿ ಬಾಯಿಗೆ ಪಕ್ಕದಿಂದ ಒತ್ತಡ ಬೀಳುತ್ತದೆ. ಅದಕ್ಕೆ ಬೇಕಾದದ್ದು ತಾಳಿಕೆ. ಗಡ್ಡ ಬೋಳಿಸುವ ಹರಿತ ಇಲ್ಲಿ ಯಾರಿಗೂ ಬೇಡ.

ಹಳೇ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದನ್ನು ಹಿಡಿಯುವುದು ಸುಲಭ. ತುಕ್ಕು ಉಜ್ಜಿ ತೆಗೆದು ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಹೋದ ಎಣ್ಣೆ ನಿಧಾನಕ್ಕೆ ಹೊರಗೆ ಬಂದು ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ನಡುವಿನ ಬೋಲ್ಟ್ ತೂತಿನ ಸುತ್ತ ಅಂಥ ಗೆರೆ ಬಂತು. ಆ ಭಾಗ ಕತ್ತರಿಸಿ ಬಿಸಾಡಿ ತುದಿಯ ಕಡೆಯದನ್ನಷ್ಟೇ ಇಟ್ಟುಕೊಂಡೆ.

ಪಾಟಾ ಮೊದಲೇ ಹದ ಹಾಕಿದ ಉಕ್ಕು, ಗರಗಸ ಕಚ್ಚುವುದಿಲ್ಲ. ಕೆಂಪಗೆ ಕಾಯಿಸಿ ಭತ್ತದ ಉಮಿಯ ಬೂದಿಯೊಳಗೆ ರಾತ್ರಿಯಿಡೀ ಹೂತಿಟ್ಟರೆ ಮೆತ್ತಗಾಗುತ್ತದೆ.

ಕುಲುಮೆ ನಮ್ಮ ಸೌದೆ ಮಾಡಿನ ಕೊನೆಯಲ್ಲಿದೆ. ಬೆಂಕಿಗೆ ತೆಂಗಿನ ಗರಟೆಯ ಇದ್ದಿಲು, ಗಾಳಿಗೆ ಕೈಯಲ್ಲಿ ತಿರುಗಿಸುವ ಬ್ಲೋವರ್. ಮಳೆಗಾಲದಲ್ಲಿ ಶಿರಸಿಯ ಕರೆಂಟ್ ನಂಬಿ ಉಕ್ಕು ಕಾಯಿಸಲಿಕ್ಕೆ ಆಗುತ್ತದಾ? ಬಡಿಯಲು ಈ ಬೆಂಕಿ ಸಾಕು. ಹದಕ್ಕೆ ಸಾಲದು. ಗಾಳಿ ಬರುವ ಜಾಗದಲ್ಲಿ ಹಳದಿ, ನಾಲ್ಕು ಬೆರಳು ಆಚೆಗೆ ಬರೀ ಕೆಂಪು. ಅದಕ್ಕೆ ದಪ್ಪ ಕಬ್ಬಿಣದ ಪೈಪಿನ ತುಂಡೊಂದನ್ನು ಇದ್ದಿಲಿನ ನಡುವೆ ಮಲಗಿಸಿ, ಅಲಗನ್ನು ಅದರೊಳಗೆ ಇಟ್ಟೆ. ಪೈಪು ಸುತ್ತಲಿಂದ ಒಂದೇ ಸಮ ಕಾಯುತ್ತದೆ, ಬೆಂಕಿ ಅಲಗಿಗೆ ನೇರ ತಾಗುವುದಿಲ್ಲ. ಒಳಗೆ ಕಾವು ಅಳೆಯುವ ಕೆ-ಟೈಪ್ ಥರ್ಮೋಕಪಲ್, ಹೊರಗೆ ಅದರ ಮೀಟರ್.

ಮೀಟರ್ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬಾರದು. ಎರಡು ಗುರುತು ನಮ್ಮ ಕೈಯಲ್ಲೇ ಇವೆ. ಕಬ್ಬಿಣ 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಡುಗೆ ಉಪ್ಪು 801ಕ್ಕೆ ಕರಗುತ್ತದೆ. ಒಂದು ರದ್ದಿ ತುಂಡಿನ ಮೇಲೆ ಚಿಟಿಕೆ ಉಪ್ಪು ಇಟ್ಟು ಪೈಪಿನೊಳಗೆ ತಳ್ಳಿ. ಉಪ್ಪು ಕರಗಿ ಹೊಳೆಯುವಾಗ ಮೀಟರ್ ಏನು ತೋರಿಸುತ್ತಿದೆ ಬರೆದಿಡಿ. ನಮ್ಮ ಮನೆಯಲ್ಲಿ ಊಟಕ್ಕೆ ಗೋಕರ್ಣದ ಕಡೆಯ ಸಾಣಿಕಟ್ಟಾ ಉಪ್ಪೇ. ಆದರೆ ಈ ಕೆಲಸಕ್ಕೆ ಆ ಹರಳುಪ್ಪು ಬೇಡ. ಒಳಗಿನ ನೀರು ಕಾದು ಚಟಪಟ ಸಿಡಿಯುತ್ತದೆ. ಸಮುದ್ರದ ಬೇರೆ ಲವಣಗಳೂ ಸೇರಿರುವುದರಿಂದ ಸ್ವಲ್ಪ ಮೊದಲೇ ಕರಗುತ್ತದೆ. ಪ್ಯಾಕೆಟ್ಟಿನ ಪುಡಿ ಉಪ್ಪನ್ನು ಹುರಿದು ಬಳಸಿದರೆ ಸರಿ. ಅಲಗಿನ ಮೇಲಂತೂ ಉಪ್ಪು ಹಾಕಲೇಬೇಡಿ, ಮೈಯೆಲ್ಲ ತುಕ್ಕು.

ಈಗ ತುಂಡುಗಳು. ಅದೇ ಪಾಟಾದಿಂದ ಬೆರಳಗಲದ ಪಟ್ಟಿಗಳನ್ನು ಮೂರು ಮಿಲಿಮೀಟರ್ ದಪ್ಪಕ್ಕೆ ಬಡಿದು, ನಡುವೆ ಗರಗಸದಲ್ಲಿ ಸಣ್ಣ ಗಾಯ ಮಾಡಿಟ್ಟೆ, ಅಲ್ಲೇ ಮುರಿಯಲಿ ಅಂತ. ಗುಜರಿ ಉಕ್ಕಿಗೆ ಜಾತಕ ಇಲ್ಲವಲ್ಲ, ಎಷ್ಟು ಕಾವಿಗೆ ಪೂರ್ತಿ ಗಟ್ಟಿಯಾಗುತ್ತದೆ ಅನ್ನುವುದನ್ನು ಮೊದಲು ಹುಡುಕಬೇಕು. ಒಂದು ತುಂಡು 770ಕ್ಕೆ, ಒಂದು 800ಕ್ಕೆ, ಒಂದು 830ಕ್ಕೆ, ಒಂದು 860ಕ್ಕೆ ಕಾಯಿಸಿ ಎಣ್ಣೆಗೆ ಅದ್ದಿದೆ. 770ರದ್ದನ್ನು ಅರ ಸುಲಭವಾಗಿ ತಿಂದಿತು. 800ರದ್ದು ಅರ್ಧಂಬರ್ಧ. 830ರಲ್ಲಿ ಅರ ಪೂರ್ತಿ ಜಾರಿತು. 860ರಲ್ಲೂ ಅಷ್ಟೇ, ಹೆಚ್ಚಿಗೆ ಏನೂ ಸಿಗಲಿಲ್ಲ. ಹಾಗಾಗಿ ಈ ಪಾಟಾಕ್ಕೆ 830. ಪೂರ್ತಿ ಗಟ್ಟಿಯಾಗುವ ಅತಿ ಕಡಿಮೆ ಕಾವು ಯಾವುದೋ ಅದೇ ಸರಿಯಾದ ಕಾವು. ಸಿಲಿಕಾನ್ ಜಾಸ್ತಿ ಇರುವ ಪಾಟಾ ಸಿಕ್ಕಿದರೆ ಇದಕ್ಕಿಂತ ಮೂವತ್ತು ನಲವತ್ತು ಡಿಗ್ರಿ ಮೇಲೆ ಹೋಗಬೇಕಾಗುತ್ತದೆ. ನನ್ನ ಅಂಕಿ ನೋಡಿ ನೀವು ಅದ್ದಬೇಡಿ, ನಿಮ್ಮ ತುಂಡು ಮುರಿದು ನೋಡಿ.

ಆಮೇಲೆ ಅಸಲು ಪರೀಕ್ಷೆ. ನಾಲ್ಕು ತುಂಡು. ಮೊದಲನೆಯದನ್ನು 1100ಕ್ಕೆ ಏರಿಸಿ ಹತ್ತು ನಿಮಿಷ ಇಟ್ಟು, ಅಲ್ಲಿಂದಲೇ ಎಣ್ಣೆಗೆ. ಎರಡನೆಯದನ್ನೂ ಹಾಗೇ 1100ಕ್ಕೆ ಕೆಡಿಸಿ, ಗಾಳಿಯಲ್ಲಿ ಆರಿಸಿ, ಒಂದು ಸಲ ನಾರ್ಮಲೈಸ್ ಮಾಡಿ, 830ರಿಂದ ಎಣ್ಣೆಗೆ. ಮೂರನೆಯದನ್ನು ಕೆಡಿಸಿ, ಮೂರು ಸಲ ನಾರ್ಮಲೈಸ್ ಮಾಡಿ, 830ರಿಂದ ಎಣ್ಣೆಗೆ. ನಾಲ್ಕನೆಯದಕ್ಕೂ ಮೂರು ಸಲದ ಉಪಚಾರ ಪೂರ್ತಿ ಮಾಡಿ, ಕೊನೆಗೆ ಮಾತ್ರ ಮತ್ತೆ 1100ಕ್ಕೆ ಒಯ್ದು ಅದ್ದಿದೆ.

ತಣ್ಣಗಾದ ಮೇಲೆ ವೈಸಿಗೆ ಸಿಕ್ಕಿಸಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಸುತ್ತಿಗೆಯಲ್ಲಿ ಒಂದು ಏಟು. ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ, ಹದ ಇಳಿಸದ ಉಕ್ಕು ಸಿಡಿಯುತ್ತದೆ. ಮೊದಲನೆಯದು ಏಟು ತಾಗುವ ಮೊದಲೇ ಮುರಿಯಿತೇನೋ ಅನ್ನುವಷ್ಟು ಸಲೀಸಾಗಿ ಹೋಯಿತು. ಅದೇ ರವೆ, ಅದೇ ಮಿಣಮಿಣ. ಎರಡನೆಯದರಲ್ಲಿ ಹರಳು ಸಣ್ಣ, ಆದರೆ ಎಲ್ಲ ಕಡೆ ಒಂದೇ ಸಮ ಇಲ್ಲ. ನಡುವೆ ಅಲ್ಲಲ್ಲಿ ದಪ್ಪನೆಯವು ಉಳಿದಿದ್ದವು. ಮೂರನೆಯದಕ್ಕೆ ಜೋರಾಗಿ ಹೊಡೆಯಬೇಕಾಯಿತು. ಮುರಿದ ಮುಖ ಮಾಸಲು ಬೂದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದರೂ ಹರಳು ಬಿಡಿಯಾಗಿ ಕಾಣಲಿಲ್ಲ. ಅಂಚಿನಲ್ಲಿ ಮುರಿಯುವ ಮೊದಲು ಲೋಹ ಒಂಚೂರು ಎಳೆದಾಡಿದ ಗುರುತಿತ್ತು.

ನಾಲ್ಕನೆಯದು ಮೊದಲನೆಯದರ ಅಣ್ಣತಮ್ಮ. ಮೂರು ಸಲ ಕಾಯಿಸಿ ಆರಿಸಿದ ಕೆಲಸವೆಲ್ಲ ಆ ಒಂದು ಕೊನೇ ಕಾವಿನಲ್ಲಿ ತೊಳೆದುಹೋಗಿತ್ತು.

ನಾಲ್ಕರ ಮೇಲೂ ಅರ ಒಂದೇ ತರ ಜಾರಿತು ಅನ್ನುವುದನ್ನು ನೆನಪಿಡಿ. ಅರದ ಪರೀಕ್ಷೆ ಒಂದನ್ನೇ ನಂಬಿ ಕತ್ತಿ ಮಾರುವವರಿಗೆ ಮೊದಲನೆಯ ತುಂಡಿಗೂ ಮೂರನೆಯದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಕುಮಟಾ ಕಡೆಯ, ಕುಲುಮೆ ಕೆಲಸದ ಹಿರಿಯ ಆಚಾರ್ರೊಬ್ಬರಿಗೆ ಈ ತುಂಡು ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿ, ಮೂರನೆಯದನ್ನು ಬೇರೆ ಇಟ್ಟರು. "ಬಡಿಯೂಕೆ ಹಳದಿ, ಹದಕ್ಕೆ ಕೆಂಪು. ಹಳದಿಲಿ ಅದ್ದಿದ್ರೆ ಒಂದೇ ಏಟಿಗೆ ಹೋಯ್ತು ತಮಾ" ಅಂದರು. ಥರ್ಮೋಕಪಲ್ ಇಲ್ಲದೆ ಅವರು ಹೇಳಿದ್ದೂ ನಾನು ಮುರಿದು ಕಂಡದ್ದೂ ಒಂದೇ. ಆದರೆ ಅವರ ಇನ್ನೊಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮಂದ ಕೆಂಪಿನಲ್ಲಿ ಬಾಯಿಯನ್ನು ಸಣ್ಣ ಸಣ್ಣ ಏಟಿನಲ್ಲಿ ಬಡಿದರೆ ಉಕ್ಕು ಒತ್ತೊತ್ತಾಗುತ್ತದೆ ಅನ್ನುತ್ತಾರೆ, ತುಂಬಾ ಜನ ಹೇಳುವ ಮಾತಿದು. ಹಾಗೆ ಬಡಿದು ಆಮೇಲೆ ಹದಕ್ಕೆ ಕಾಯಿಸಿದ ಕ್ಷಣ ಹರಳು ಎಲ್ಲ ಹೊಸದಾಗಿ ಹುಟ್ಟುತ್ತದೆ. ಸುತ್ತಿಗೆಯ ಏಟಿನ ನೆನಪು ಅದಕ್ಕಿರುವುದಿಲ್ಲ. ಮಂದ ಕಾವಿನಲ್ಲಿ ಬಡಿದದ್ದರಿಂದ ಆಗುವ ಉಪಕಾರ ಅಂದರೆ ಹಳದಿ ಕಾವಿಗೆ ಮತ್ತೆ ಹೋಗದೆ ಉಳಿದದ್ದು, ಅಷ್ಟೇ. ಕುಡುಗೋಲು ಹಣಿಸುವುದು ಬೇರೆ ಸಂಗತಿ. ಅಲ್ಲಿ ತಣ್ಣಗೇ ಬಡಿದು ಬಾಯಿ ತೆಳ್ಳಗೆ ಮಾಡುತ್ತಾರೆ, ಮತ್ತೆ ಕಾಯಿಸುವುದಿಲ್ಲ. ಹಾಗಾಗಿ ಏಟಿನ ಗಟ್ಟಿತನ ಅಲ್ಲೇ ಉಳಿಯುತ್ತದೆ.

ಅಲಗಿನ ಕೆಲಸಕ್ಕೆ ಬರೋಣ. ಬಡಿದು, ಆಕಾರಕ್ಕೆ ತಂದು, ಬಾಯಿಯನ್ನು ಒಂದೂವರೆ ಮಿಲಿಮೀಟರ್ ದಪ್ಪ ಬಿಟ್ಟು ಉಜ್ಜಿದೆ. ಹದಕ್ಕೆ ಮೊದಲೇ ಜಾಸ್ತಿ ತೆಳ್ಳಗೆ ಮಾಡಿದರೆ ಬಾಯಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಮೇಲ್ಮೈಯ ಕಾರ್ಬನ್ ಬೆಂಕಿಯಲ್ಲಿ ಸುಟ್ಟುಹೋಗುವುದರಿಂದ ಆ ಪದರ ತೆಗೆಯಲಿಕ್ಕೂ ಸ್ವಲ್ಪ ದಪ್ಪ ಉಳಿದಿರಬೇಕು.

ನಾರ್ಮಲೈಸಿಂಗ್ ಮೂರು ಸುತ್ತು, ಕಾವು ಇಳಿಸುತ್ತಾ: 880, 840, 800. ಮೊದಲ ಸುತ್ತಿನ ಕೆಲಸ ಒಳಗಿನದನ್ನೆಲ್ಲ ಒಂದು ಸಮ ಮಾಡುವುದು. ಬಡಿಯುವಾಗ ಒಂದು ಕಡೆ ಜಾಸ್ತಿ ಕಾದಿರುತ್ತದೆ, ಇನ್ನೊಂದು ಕಡೆ ಕಡಿಮೆ. ಆ ಏರುಪೇರು ಹೋಗಬೇಕು. ಮುಂದಿನ ಎರಡು ಸುತ್ತು ಹರಳು ಸಣ್ಣ ಮಾಡಲು, ಅದಕ್ಕೇ ಕಾವು ಕಡಿಮೆ. ಮೂರರ ಮೇಲೆ ಮಾಡಿದರೆ ತಪ್ಪೇನಿಲ್ಲ, ಆದರೆ ಸಿಗುವುದು ಸ್ವಲ್ಪ. ಕ್ರೋಮಿಯಂ ಇಲ್ಲದ ಬರೀ ಕಾರ್ಬನ್ ಉಕ್ಕಿಗೆ, ಉದಾಹರಣೆಗೆ ಹಳೇ ಅರಕ್ಕೆ, ಹರಳು ತೀರಾ ಸಣ್ಣದಾದರೆ ಇನ್ನೊಂದು ತೊಡಕಿದೆ. ಅಂಚು ಜಾಸ್ತಿಯಾದಷ್ಟೂ ಅದ್ದುವಾಗ ಅಲ್ಲಿಂದ ಮೆತ್ತಗಿನ ಪರ್ಲೈಟ್ ಬೇಗ ಹುಟ್ಟುತ್ತದೆ, ಗಟ್ಟಿತನ ಒಳಗಿನವರೆಗೆ ಇಳಿಯುವುದಿಲ್ಲ.

ಈ ಸುತ್ತುಗಳನ್ನು ಕತ್ತಲಾದ ಮೇಲೆ ಮಾಡಿದೆ. ಹಗಲು ಬೆಳಕಿನಲ್ಲಿ 800 ಡಿಗ್ರಿಯ ಕೆಂಪು ಕಪ್ಪಾಗಿಯೇ ಕಾಣುತ್ತದೆ, ಇನ್ನೂ ಕಾಯಲಿ ಅಂತ ಕೈ ಬ್ಲೋವರ್ ತಿರುಗಿಸುತ್ತಲೇ ಇರುತ್ತದೆ. ಕತ್ತಲಲ್ಲಿ ಇನ್ನೊಂದು ನೋಡಲು ಸಿಗುತ್ತದೆ. ಪೈಪಿನಿಂದ ತೆಗೆದು ತಂತಿಗೆ ನೇತುಹಾಕಿದ ಅಲಗು ಬಾಯಿಯ ಕಡೆಯಿಂದ ಕಪ್ಪಾಗುತ್ತಾ ಬರುತ್ತದೆ. ಇನ್ನೇನು ಆರಿತು ಅನ್ನುವಾಗ ಕಪ್ಪಾದ ಜಾಗ ಮತ್ತೆ ಕೆಂಪೇರುತ್ತದೆ. ಆ ಕೆಂಪು ಪಟ್ಟೆ ಬಾಯಿಯಿಂದ ಬೆನ್ನಿನ ಕಡೆಗೆ ನಿಧಾನ ಸರಿದುಹೋಗುತ್ತದೆ. ಒಳಗೆ ರೂಪ ಬದಲಾಗುವಾಗ ಉಕ್ಕೇ ಬಿಡುವ ಬಿಸಿ ಅದು. ಅದು ದಾಟಿ, ಕೆಂಪು ಪೂರ್ತಿ ಹೋಗಿ, ಅಯಸ್ಕಾಂತ ಗಟ್ಟಿಯಾಗಿ ಹಿಡಿಯುವವರೆಗೆ ಮುಂದಿನ ಸುತ್ತಿಗೆ ಒಯ್ಯಬಾರದು. ಒಯ್ದರೆ ಆ ಸುತ್ತು ವ್ಯರ್ಥ, ರೂಪ ಬದಲಾಗಿಯೇ ಇರುವುದಿಲ್ಲ. ಅಲಗನ್ನು ನೆಲಕ್ಕೋ ಕಲ್ಲಿನ ಮೇಲೋ ಮಲಗಿಸಲೂಬಾರದು. ಒಂದು ಮಗ್ಗುಲು ಬೇಗ ಆರಿ ಬಾಗುತ್ತದೆ.

ಅದ್ದಲು ಶೇಂಗಾ ಎಣ್ಣೆ. ತೆಂಗಿನೆಣ್ಣೆ ನಮ್ಮಲ್ಲಿ ಧಾರಾಳ ಇದ್ದರೂ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಶಿರಸಿಯ ಡಿಸೆಂಬರ್ ಬೆಳಗ್ಗೆ ಡಬ್ಬಿಯಲ್ಲಿ ಅದು ಬೆಣ್ಣೆ. ಗಾಡಿಯ ಹಳೇ ಆಯಿಲ್ ಬೇಡವೇ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಎಣ್ಣೆಯನ್ನು 50 ಡಿಗ್ರಿಗೆ ಬಿಸಿ ಮಾಡಿಕೊಂಡೆ. ಬಿಸಿ ಎಣ್ಣೆ ತೆಳ್ಳಗಾಗಿ ಅಲಗಿನ ಸುತ್ತ ಬೇಗ ಹರಿಯುತ್ತದೆ, ಬೇಗ ತಣಿಸುತ್ತದೆ. ನೀರಿಗೆ ಹಾಕಿದರೆ ಈ ಉಕ್ಕು ಸೀಳುವ ಸಂಭವ ಜಾಸ್ತಿ. ಕಬ್ಬಿಣದ ಉದ್ದ ಡಬ್ಬ, ಪಕ್ಕದಲ್ಲೇ ಅದಕ್ಕೆ ಮುಚ್ಚಳ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲಿಕ್ಕೆ, ನೀರು ಎರಚಲಿಕ್ಕಲ್ಲ.

830ಕ್ಕೆ ಬಂದ ಮೇಲೆ ಐದು ನಿಮಿಷ ಇಟ್ಟು, ಬಾಯಿ ಕೆಳಗೆ ಮಾಡಿ ಒಂದೇ ಸಲಕ್ಕೆ ಅದ್ದಿ, ಬಾಯಿಯ ನೇರಕ್ಕೇ ಹಿಂದೆ ಮುಂದೆ ಆಡಿಸಿದೆ. ಅಡ್ಡ ಆಡಿಸಿದರೆ ಬಾಗುತ್ತದೆ. ಎಣ್ಣೆಯಿಂದ ತೆಗೆದಾಗ ಇನ್ನೂ ಬಿಸಿ ಇರುವ ಅಲಗು ಕೆಲವು ಕ್ಷಣ ಮಾತು ಕೇಳುತ್ತದೆ. ಸ್ವಲ್ಪ ಸೊಟ್ಟ ಇತ್ತು. ಎರಡು ಹಲಗೆಯ ನಡುವೆ ಒತ್ತಿ ನೆಟ್ಟಗೆ ಮಾಡಿದೆ. ಆಮೇಲೆ ಗಟ್ಟಿ ರೂಪ ಮಾರ್ಟೆನ್ಸೈಟ್ ಆಯಿತೆಂದರೆ ಒತ್ತಬಾರದು.

ಕೈಗೆ ತಾಳುವಷ್ಟು ತಣಿದದ್ದೇ ಅಡುಗೆ ಓವನ್ನಿಗೆ ಹೋಯಿತು. 220 ಡಿಗ್ರಿ, ಎರಡು ಗಂಟೆ, ಆರಿಸಿ ಇನ್ನೊಮ್ಮೆ ಎರಡು ಗಂಟೆ. ಮನೆಯ ಓವನ್ನಿನ ಕಾವು ಮೇಲೆ ಕೆಳಗೆ ಓಡುತ್ತಿರುತ್ತದೆ. ತಟ್ಟೆಯಲ್ಲಿ ಮರಳು ಹರಡಿ ಅದರೊಳಗೆ ಅಲಗು ಹೂತರೆ ಆ ಓಡಾಟ ಅಲಗಿನವರೆಗೆ ಬರುವುದಿಲ್ಲ. ಉಜ್ಜಿದ ಮೂಲೆಯಲ್ಲಿ ಗೋದಿ ಹುಲ್ಲಿನ ಬಣ್ಣ ಬಂತು. ಮಣೆಗೆ ಕೂರುವ ಬುಡದ ಭಾಗಕ್ಕೆ ಇನ್ನೂ ಮೆತ್ತಗಿನ ಹದ ಬೇಕು. ಬಾಯಿಯನ್ನು ನೀರಿನಲ್ಲಿ ಇಟ್ಟು ಬುಡಕ್ಕೆ ಗ್ಯಾಸ್ ಟಾರ್ಚ್ ಹಿಡಿದು ನೀಲಿ ಬಣ್ಣಕ್ಕೆ ತಂದೆ.

ಕೊನೆಯ ಉಜ್ಜುವಿಕೆ ಪೂರ್ತಿ ನೀರು ಹಾಕಿಕೊಂಡು. ಬಾಯಿ ಒಂದು ಸಲ ನೀಲಿಯಾಯಿತೆಂದರೆ ಅಲ್ಲಿಯ ಹದ ಹೋಯಿತು. ಮಸೆದ ಮೇಲೆ ಹಿತ್ತಾಳೆ ಕಡ್ಡಿಯ ಮೇಲೆ ಬಾಯಿ ಇಟ್ಟು ಒತ್ತಿ ಎಳೆದೆ. ಬಾಯಿ ಒಂಚೂರು ಬಾಗಿ, ಕಡ್ಡಿ ದಾಟಿದ್ದೇ ವಾಪಸ್ ನೆಟ್ಟಗಾಗಬೇಕು. ಬಾಗಿಯೇ ಉಳಿದರೆ ಮೆತ್ತಗೆ, ಚೂರು ಹಾರಿದರೆ ಹರಳು ದಪ್ಪ ಅಥವಾ ಹದ ಇಳಿದಿಲ್ಲ. ಇದು ಬಾಗಿತು, ಎದ್ದಿತು.

ಅತ್ತಿಗೆ ಈ ಸಲದ ಹಸಿ ಅಡಿಕೆ ಸುಲಿದದ್ದು ಇದರಲ್ಲೇ. ಅಡಿಕೆಯ ಚೊಗರಿಗೆ ಅಲಗು ಕಪ್ಪಾಗಿದೆ, ಅದು ಆಗಲೇಬೇಕು. ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸವೆದು ಸ್ವಲ್ಪ ದುಂಡಗಾಗಿದೆ. ಹಾರಿದ ಚೂರು ಒಂದೂ ಇಲ್ಲ. ಮಸೆಗಲ್ಲಿಗೆ ನಾಲ್ಕು ಎಳೆ ಸಾಕು. "ಇನ್ನೆರಡು ಮಾಡ್ಕೊಡು, ಆಚೆಮನೆಯವ್ಕೂ ಬೇಕಡ" ಅಂದಿದ್ದಾರೆ.

ಅದೇ ಪಾಟಾದಲ್ಲಿ ಇನ್ನೆರಡಕ್ಕೆ ಆಗುವಷ್ಟು ಉಳಿದಿದೆ, ಅಂಕಿ ಇವೇ ನಡೆಯುತ್ತವೆ. ಲಾರಿಯ ಬೇರಿಂಗ್ ರಿಂಗೂ ಒಂದು ಬಿದ್ದಿದೆ. ಆ ಉಕ್ಕಿನಲ್ಲಿ ಕಾರ್ಬನ್ ಶೇಕಡಾ 1, ಕ್ರೋಮಿಯಂ ಸುಮಾರು 1.5. ಅದರಲ್ಲಿ ಹರಳಿನ ಜೊತೆಗೆ ಕಾರ್ಬೈಡ್ ಅನ್ನುವ ಗಟ್ಟಿ ಕಣಗಳನ್ನೂ ಸಣ್ಣದಾಗಿ ಹರಡಬೇಕು, ಗಾಳಿಯಲ್ಲಿ ಆರಿದರೂ ತೆಳ್ಳಗಿನ ಭಾಗ ಗಟ್ಟಿಯಾಗುತ್ತದೆ. ಅದಕ್ಕೆ ಬೇರೆ ತುಂಡು, ಬೇರೆ ಲೆಕ್ಕ.